ಬಾಯಿ ತೆರೆದ ಸಿಂಹ

ಶರ್ವಾಣಿ ಅಕ್ಕಿ ಹಿಡಿದ ಬೆರಳನ್ನು ಅಮ್ಮನ ತುಟಿಗೆ ಇನ್ನೊಮ್ಮೆ ಒತ್ತಿದಳು. ತುಟಿ ಬಿಡಲಿಲ್ಲ. ಕಾಳುಗಳು ಗಲ್ಲದ ಮೇಲಿಂದ ಜಾರಿ ರೇಷ್ಮೆ ಸೀರೆಯ ಮಡಿಕೆಗಳಲ್ಲಿ ಸೇರಿಕೊಂಡವು.

“ಬಾಯಿ ಹೊಲಿದುಬಿಟ್ಟಿರ್ತಾರಮ್ಮ. ಇಲ್ಲಿ ಎಲ್ಲರಿಗೂ ಹಾಗೇ ಮಾಡೋದು,” ಎಂದರು ಸುಬ್ಬು ಅಂಕಲ್. ಈ ಪರದೇಶದ ಊರು ಪಿಸ್ಕಾಟವೇಯ ಕನ್ನಡದವರಲ್ಲಿ ಯಾರು ಹೋದರೂ ಕ್ರಿಯೆ ನಡೆಸಿಕೊಡುವವರು ಅವರೇ. “ಮೊದಲೇ ಬೇಡ ಅನ್ನಬೇಕಿತ್ತು, ನನಗೂ ಮರೆತೇಹೋಯ್ತು. ತುಟಿಗೆ ಮುಟ್ಟಿಸು, ಸಾಕು.”

ಅಷ್ಟಕ್ಕೆ ಒಪ್ಪುವವರೇ ಅಪ್ಪ ದ್ವಾರಕಾನಾಥರು? ಹೊಲಿಗೆ ಬಿಚ್ಚಿ ಎಂದು, ಶವವನ್ನು ಅಣಿಗೊಳಿಸಿದ ಫ್ಯೂನರಲ್ ಹೋಮಿನವನ ಜೊತೆ ವಾದಕ್ಕೆ ನಿಂತರು. ಅವನು ಸಾರಿ ಎಂದನೇ ಹೊರತು ಜಗ್ಗಲಿಲ್ಲ. ಕೊನೆಗೆ ಹೆಂಡತಿಯ ಶವಪೆಟ್ಟಿಗೆಯ ಮೇಲೆ ಬಗ್ಗಿ, “ಅನು, ಸ್ವಲ್ಪ ಬಾಯಿ ತೆಗಿಯೇ,” ಎಂದರು. ಆಯುಷ್ಯವೆಲ್ಲ ‘ನೀನು ಸುಮ್ಮನಿರು’ ಎಂದ ಮನುಷ್ಯ. ಶರ್ವಾಣಿಗೆ ಮೊದಲು ನಗು ಬಂತು, ಅದರ ಹಿಂದೆಯೇ ಅಳು. ಉಳಿದ ಅಕ್ಕಿಯನ್ನು ಕರವಸ್ತ್ರದಲ್ಲಿ ಕಟ್ಟಿ ಕೋಟಿನ ಜೇಬಿಗೆ ಹಾಕಿಕೊಂಡಳು.

“ಅಸ್ಥಿ ಶ್ರೀರಂಗಪಟ್ಟಣಕ್ಕೇ,” ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. “ಅನಸೂಯಳ ಆಸೆ ಅದು.”

ಅದಲ್ಲವೆಂದು ಗೊತ್ತಿದ್ದವಳು ಶರ್ವಾಣಿ ಒಬ್ಬಳೇ. “ಅಪ್ಪ, ಅಮ್ಮ...” ಎಂದಳು.

“ಆಮೇಲೆ, ಪುಟ್ಟಿ.”

*

ಪಕ್ಕದ ಮನೆಯ ನಾವೊಕೊ ಜಪಾನಿಗೆ ವಾಪಸಾಗುವಾಗ ಒಂದು ಜೋಡಿ ಸಿಂಹದ ಗೊಂಬೆ ಕೊಟ್ಟಿದ್ದರು. ಕಾಗದ ಅಂಟಿಸಿ ಮಾಡಿದವು, ಹಗುರ. ಒಂದರ ಬಾಯಿ ತೆರೆದಿತ್ತು, ಇನ್ನೊಂದರದು ಮುಚ್ಚಿತ್ತು. ತೆರೆದದ್ದು ‘ಅ’ ಎಂದು ಕೆಟ್ಟದ್ದನ್ನು ಹೊರಗಟ್ಟುತ್ತದೆ, ಮುಚ್ಚಿದ್ದು ‘ಮ್’ ಎಂದು ಒಳ್ಳೆಯದನ್ನು ಒಳಗೇ ಹಿಡಿದಿಡುತ್ತದೆ, ಎರಡೂ ಇದ್ದರೇ ಮನೆಗೆ ಕಾವಲು ಎಂದು ವಿವರಿಸಿದ್ದರು.

“ನಾನೂ ನೀನೂ ಇದ್ದಂಗಿದೆ,” ಎಂದು ಅಪ್ಪ ತೆರೆದ ಬಾಯಿಯಿಂದ ಮುಚ್ಚಿದ ಬಾಯಿಗೆ ಬೆರಳು ತೋರಿಸುತ್ತ ಅಮ್ಮನ ಕಡೆ ನೋಡಿ ನಕ್ಕಿದ್ದರು.

ಅಮ್ಮ ಆಮೇಲೆ ಪಾತ್ರೆ ತೊಳೆಯುತ್ತ ಮಗಳಿಗೆ ಮಾತ್ರ ಹೇಳಿದಳು: “ಒಳಗೇ ಇಟ್ಕೊಳ್ಳೋಕೆ ಅದಕ್ಕೆ ಇಷ್ಟ ಇದೆಯಾ ಅಂತ ಯಾರು ಕೇಳಿದ್ರು?”

ಅಮ್ಮನಿಗೆ ಡ್ರೈವಿಂಗ್ ಬೇಡವೆಂದು ತೀರ್ಮಾನಿಸಿದವರು ಅಪ್ಪ. ಎಲ್ಲಿ ನೋವು ಎಂದು ಡಾಕ್ಟರು ಅವಳನ್ನು ಕೇಳಿದರೂ ಉತ್ತರ ಅಪ್ಪನದೇ. ಕೊನೆಕೊನೆಗೆ ಒಂದು ಮಧ್ಯಾಹ್ನ ಅಮ್ಮ ಮಗಳ ಕೈ ಹಿಡಿದುಕೊಂಡಳು. “ನನ್ನನ್ನ ಇಲ್ಲೇ ಲಾಂಗ್ ಬ್ರಾಂಚ್ ಸಮುದ್ರಕ್ಕೆ ಬಿಟ್ಟುಬಿಡು ಪುಟ್ಟಿ. ಇನ್ನೊಂದು ಡಬ್ಬಿಯೊಳಗೆ ಕೂಡಿಹಾಕಿ ಎಲ್ಲಿಗೂ ತಗೊಂಡು ಹೋಗಬೇಡಿ.”

*

ದಹನ ಮುಗಿಸಿ ಮನೆಗೆ ಬಂದ ಕೂಡಲೇ ಅಪ್ಪ ಫೋನು ಹಿಡಿದರು. “ಟಿಕೆಟ್ ಬುಕ್ ಮಾಡ್ತಿದೀನಿ. ಹೂಂ, ಅವಳಿಗೆ ಕಾವೇರೀನೇ ಬೇಕಿತ್ತು.”

“ಅಪ್ಪ, ಒಂದ್ನಿಮಿಷ.”

ಅವರು ತಿರುಗಿ ನೋಡದೆ ಕೈ ಎತ್ತಿ ಸುಮ್ಮನಿರಿಸಿದರು.

ಸಿಂಹಗಳು ಬಾಗಿಲ ಪಕ್ಕ, ಚಪ್ಪಲಿ ಕಪಾಟಿನ ಮೇಲಿದ್ದವು. ಶರ್ವಾಣಿ ಸ್ನಾನಕ್ಕೂ ಹೋಗದೆ ಕರವಸ್ತ್ರ ಬಿಚ್ಚಿದಳು. ಬಾಯಿ ತೆರೆದ ಸಿಂಹದೊಳಗೆ ಅಕ್ಕಿಯನ್ನು ಚಿಟಿಕೆ ಚಿಟಿಕೆಯಾಗಿ ತುಂಬತೊಡಗಿದಳು. ಅದರ ಕೆಂಪು ನಾಲಿಗೆ ಮುಚ್ಚಿತು, ಆಮೇಲೆ ಹಲ್ಲುಗಳು ಮುಚ್ಚಿದವು. ಅತ್ತ ಅಪ್ಪನ ಮಾತು, ಅವರದೇ ಬಾಯಿಗೆ ಅಕ್ಕಿ ತುಂಬಿದಂತೆ, ಅರ್ಧಕ್ಕೇ ನಿಂತಿತು. ಫೋನಿನಲ್ಲಿ ಯಾರೋ ಹಲೋ, ಹಲೋ ಎನ್ನುತ್ತಿದ್ದರು.

“ಅಮ್ಮ ಲಾಂಗ್ ಬ್ರಾಂಚ್ ಅಂದಿದ್ಳು, ಅಪ್ಪ. ಸಮುದ್ರಕ್ಕೆ.”

ಉತ್ತರ ಕೊಡಲೆಂದು ಅವರು ಬಾಯಿ ತೆರೆದರು, ತೆರೆದವರು ಹಾಗೇ ನಿಂತರು. ಸಿಂಹದ ತುಂಬಿದ ಬಾಯಿಂದ ಒಂದು ಕಾಳು ಜಾರಿ, ಬಾಯಿ ಮುಚ್ಚಿದ ಸಿಂಹದ ಕಾಲ ಬಳಿ ಬಿತ್ತು.