ಅವಳಿಗೆ ಹೇಳು

ಬಿಸಿಲಿಗೆ ಕಾದ ಕಲ್ಲಿನ ವಾಸನೆ, ಅದರ ಜೊತೆ ಬೆವರಿನದು, ನನ್ನದೇ ಇರಬೇಕು — ತನ್ಮಯ್, ಅವಳಿಗೆ ಹೇಳು, ಗೋಡೆಗೆ ಒತ್ತಿಕೊಂಡು ಹತ್ತಲಿ ಅಂತ. ಮಾವನ ದನಿ. ನಾನು ಅವರ ಬೆನ್ನ ಹಿಂದೆಯೇ ಇದ್ದೇನೆ, ಕಿವಿಯೂ ನೆಟ್ಟಗಿದೆ, ಆದರೂ ಮಾತು ಮೊದಲು ಗಂಡನ ಹತ್ತಿರ ಹೋಗಿ ಆಮೇಲೆ ನನ್ನ ಹತ್ತಿರ ಬರಬೇಕು, ನಾಲ್ಕು ವರ್ಷದಿಂದ ಹೀಗೇ, ರಿಜಿಸ್ಟರ್ ಮದುವೆ ಮಾಡಿಕೊಂಡು ಇವರ ಬಾಗಿಲಲ್ಲಿ ನಿಂತ ದಿನದಿಂದ, ಅವಳಿಗೆ ಹೇಳು ಜೋಳದ ಭಾಕ್ರಿ ದಪ್ಪ ಆಯ್ತು, ಅವಳಿಗೆ ಹೇಳು ಟೀವಿ ಸಣ್ಣ ಮಾಡಲಿ, ಮಗ ಊರಲ್ಲಿಲ್ಲದಾಗ ಗೋಡೆಗಡಿಯಾರಕ್ಕೆ ಹೇಳುತ್ತಾರೆ — ಈ ಗಡಕ್ಕೆ, ಬೆಟ್ಟದ ನೆತ್ತಿಯ ಹಳೇ ಕೋಟೆಗೆ, ಬರುವುದೂ ತನ್ಮಯನದೇ ಉಪಾಯ, ಬೆಟ್ಟದ ಮೇಲೆ ಅಪ್ಪ ಬೇರೇನೇ ಮನುಷ್ಯ ಕಣೇ, ನೋಡ್ತಿರು. ನೋಡಿದೆ. ಮೇಲೆ ಮುರಿದ ಹೆಬ್ಬಾಗಿಲು, ಪಾಚಿಗಟ್ಟಿದ ಕೊಳ, ಕೆನ್ನೆಗೆ ಹೊಡೆಯುವ ಗಾಳಿ, ಜೀವಮಾನವೆಲ್ಲ ಹುಡುಗರಿಗೆ ವ್ಯಾಯಾಮ ಕಲಿಸಿದ ಮೇಷ್ಟ್ರು ಸೊಂಟಕ್ಕೆ ಕೈಯಿಟ್ಟು ನಾಸಿಕದ ಬೆಟ್ಟಗಳನ್ನೆಲ್ಲ ಹೆಸರು ಹಿಡಿದು ಮಗನಿಗೆ ತೋರಿಸಿದರು, ಅವರ ಬೆರಳು ಹೋದಲ್ಲೆಲ್ಲ ನಾನೂ ನೋಡಿದೆ, ಹೂಂ ಎಂದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಸಾಕು. ಕೆಳಗಿಳಿದ ಕೂಡಲೇ ತನ್ಮಯನಿಗೆ ಹೇಳಿಬಿಡುತ್ತೇನೆ, ಬೇರೆ ಮನೆ ನೋಡು — ಅವನೋ, ನಾವು ಇಳಿಯುವುದನ್ನು ವಿಡಿಯೋ ತೆಗೆಯುತ್ತಾನಂತೆ, ಮೊದಲೇ ಇಳಿದು ಅಲ್ಲೆಲ್ಲೋ ಇರುವೆಯಷ್ಟಾಗಿ ಕೈ ಬೀಸುತ್ತಿದ್ದಾನೆ.

ಬಂಡೆಯಲ್ಲೇ ಕಡಿದ ನೆಟ್ಟನೆಯ ಮೆಟ್ಟಿಲು, ಬಂಡೆಗೆ ಮುಖ ಮಾಡಿ ಏಣಿ ಇಳಿದ ಹಾಗೆ ಇಳಿಯಬೇಕು, ಮೊದಲು ನಾನು, ನನ್ನ ತಲೆಯ ಮೇಲೆ ಮಾವನ ಬೂಟು — ಬೂಟು ನಿಂತಿದೆ, ಯಾಕೆ ನಿಂತಿದೆ, ಎಷ್ಟೋ ಸಲ ಹತ್ತಿಳಿದ ಗಡವಂತೆ, ಮೇಲಿಂದ ಹುಡುಗರ ಗುಂಪು ಕೂಗುತ್ತಿದೆ, ಓ ಕಾಕಾ, ಅಲ್ಲೇ ಸಂಸಾರ ಹೂಡ್ತೀರಾ, ಇಳೀರಿ! ತಲೆಯೆತ್ತಿದರೆ ಮಾವ ಕಣ್ಣು ಮುಚ್ಚಿ, ಹಿಡಿಯಲೆಂದು ಕಲ್ಲಿನಲ್ಲಿ ಕೊರೆದ ಗುಳಿಗಳಲ್ಲಿ ಬೆರಳು ತುರುಕಿಕೊಂಡು ಹಲ್ಲಿಯಂತೆ ಅಂಟಿದ್ದಾರೆ. ಅಪ್ಪಾ, ಎಡಗಾಲು ಬಿಡಿ, ಕೆಳಗೆ ಮೆಟ್ಟಿಲಿದೆ. ಅಪ್ಪಾ! ತನ್ಮಯ್, ಅವಳಿಗೆ ಹೇಳು, ನನ್ನ ಕೈಲಾಗಲ್ಲ. ತನ್ಮಯ್ ಇಲ್ಲ ಅಪ್ಪಾ, ಇಲ್ಲಿರೋಳು ನಾನು, ನನಗೇ ಹೇಳಿ — ಕಿರುಚಿಬಿಟ್ಟೆನೇ, ಮೇಲಿನ ಹುಡುಗರೂ ಬಗ್ಗಿ ನೋಡಿದರು. ಒಂದು ಕೈ ಗುಳಿಯಲ್ಲಿ ಬಿಗಿ ಮಾಡಿ ಇನ್ನೊಂದನ್ನು ಚಾಚಿ ಹಿಮ್ಮಡಿ ಹಿಡಿದೆ, ಇದೇ ಕಾಲು, ದೀಪಾವಳಿಗೆ ನಮಸ್ಕಾರಕ್ಕೆ ಬಾಗಿದಾಗಲೆಲ್ಲ ಕುರ್ಚಿಯಡಿ ಎಳೆದುಕೊಂಡದ್ದು, ಎಳೆದುಕೊಳ್ಳಿ ಈಗ, ಎಲ್ಲಿಗೆ ಎಳೆದುಕೊಳ್ಳುತ್ತೀರಿ ನೋಡೋಣ, ಸಿಟ್ಟಿನಲ್ಲೇ ಜಗ್ಗಿ ಮೆಟ್ಟಿಲ ಮೇಲಿಟ್ಟೆ, ಹಾಂ, ಇನ್ನೊಂದು ಕಾಲು, ಇಡಿ, ಮತ್ತೆ ಇದು, ಇಳಿದೆವು, ಇಳಿಯುತ್ತಿದ್ದೇವೆ, ಅರ್ಧ ದಾಟಿತು, ಹೆಗಲು ಸೋತು ಹೋಗಿದೆ, ಕೈ ಸಡಿಲಿಸುವಷ್ಟರಲ್ಲಿ — ಬಿಡಬೇಡ. ಯಾರಿಗೆ, ಕಲ್ಲಿಗೆ ಹೇಳಿದರೋ — ಬಿಡಬೇಡ, ಮುಕ್ತಾ. ನನ್ನ ಹೆಸರು ಗೊತ್ತಿತ್ತು ಇವರಿಗೆ, ಇಷ್ಟು ದಿನವೂ ಗೊತ್ತಿತ್ತು, ಮತ್ತೆ ಯಾಕೆ, ಬೇರೆ ಮನೆ, ತನ್ಮಯನಿಗೆ ಏನೋ ಹೇಳಬೇಕಿತ್ತು, ಏನು, ಅಂಗೈಯಲ್ಲಿ ಹಿಮ್ಮಡಿ, ಬೂಟಿನೊಳಗೆ ನಡುಗುತ್ತಿರುವ ಹಿಮ್ಮಡಿ, ಹಿಮ್ಮಡಿ