ಇನ್ನೊಂದು ಸುತ್ತು

ನಾನು ಗೊರಕೆ ಹೊಡೀತೀನಿ ಅಂತ ನನಗೆ ಹೇಳಿದ್ದು ನಮ್ಮ ಯಜಮಾನ್ರು ಏಕಾಂತಯ್ಯ. ಮದುವೆಯಾದ ಹೊಸದರಲ್ಲೇ ಹೇಳಿದ್ರು. ನಾಚಿಕೆಯಿಂದ ಸತ್ತೇ ಹೋದೆ. ನಿದ್ದೇಲಿ ನಡೆಯೋ ಸಂಗತಿ, ಇಲ್ಲ ಅನ್ನೋಕೆ ನನಗೇನು ಗೊತ್ತು? ಮನೇಲಿ ಇರೋದು ನಾವಿಬ್ಬರೇ. ಮಕ್ಕಳಾಗಲಿಲ್ಲ. ಹೌದೋ ಅಲ್ಲವೋ ಅಂತ ಹೇಳೋಕೆ ಮೂರನೆಯವರಿಲ್ಲ. ನಾನೋ, ಹಗಲೆಲ್ಲ ಗೇಯ್ದು ದಿಂಬಿಗೆ ತಲೆ ಕೊಟ್ಟರೆ ಬೆಳಗಿನವರೆಗೂ ಮನೆ ಬಿದ್ದರೂ ಏಳೋಳಲ್ಲ. ಅವರು ಹೇಳಿದ್ರು, ನಾನು ನಂಬಿದೆ.

ಅಷ್ಟಕ್ಕೇ ಬಿಟ್ಟಿದ್ರೆ ಬೇರೆ ಮಾತು. ಲಕ್ಷ್ಮೀಪುರಂನ ನಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದ್ರು. ದೇವರಾಜ ಮೊಹಲ್ಲಾದಲ್ಲಿ ಅವರದ್ದು ಸ್ಟೀಲ್ ಪಾತ್ರೆ ಅಂಗಡಿ. ಮಧ್ಯಾಹ್ನವಾದ್ರೆ ಗಲ್ಲಾಪೆಟ್ಟಿಗೆ ಹಿಂದೆ ಕೂತಲ್ಲೇ ತೂಕಡಿಸೋರು. ಗಿರಾಕಿ ಬಂದು ಎಬ್ಬಿಸಿದ್ರೆ, ನಮ್ಮನೆಯವಳ ಗೊರಕೇಲಿ ರಾತ್ರಿ ನಿದ್ದೆ ಎಲ್ಲಿ ಬರುತ್ತೆ ಸ್ವಾಮಿ ಅನ್ನೋರು. ಬೆಳಿಗ್ಗೆ ಎದ್ದರೆ ತಲೆನೋವು, ಅದೂ ನನ್ನಿಂದ. ಸಿಟ್ಟು ಮಾಡ್ಕೊಂಡ್ರೆ ಅದೂ ನನ್ನಿಂದ. ಕೊನೆಗೆ ನನ್ನನ್ನ ಅಡುಗೆಮನೆ ಪಕ್ಕದ ಸಾಮಾನಿನ ಕೋಣೆಗೆ ಸಾಗಿಸಿದ್ರು. ಅಕ್ಕಿ ಮೂಟೆ ಪಕ್ಕ ನನ್ನ ಚಾಪೆ. ಅಲ್ಲಿಂದಲೂ ಕೇಳುತ್ತೆ ಅಂತ ಅರ್ಧರಾತ್ರೀಲಿ ಎದ್ದು ಬಂದು ಬಾಗಿಲು ಬಡಿಯೋರು. ನಾನು ಎದ್ದು ಕೂತು ತಪ್ಪಾಯ್ತು ಅನ್ನೋಳು. ಯಾರ ಮನೆ ಮದುವೆಗೆ ಹೋದ್ರೂ ರಾತ್ರಿ ಉಳೀತಿರಲಿಲ್ಲ. ಹತ್ತು ಜನರ ಮಧ್ಯೆ ಮಲಗಿ ಮಾನ ಕಳ್ಕೊಳ್ಳೋದ್ಯಾಕೆ ಅಂತ ಊಟ ಮುಗಿದ ತಕ್ಷಣ ಬಸ್ಸು ಹತ್ತಿಬಿಡ್ತಿದ್ದೆ.

ಇದನ್ನೆಲ್ಲ ಹೆಂಗೋ ನುಂಗಿಕೊಂಡಿದ್ದೆ. ನುಂಗೋಕೆ ಆಗದೇ ಹೋಗಿದ್ದು ಅವ್ವ ಹಾಸಿಗೆ ಹಿಡಿದಾಗ.

ನಮ್ಮವ್ವ ಶಿವನಂಜಮ್ಮ ಉದಯಗಿರೀಲಿ ನನ್ನ ತಮ್ಮ ಬಸವರಾಜು ಮನೇಲಿದ್ಲು. ಅವನು ಸ್ಕೂಟರ್ ಮೆಕ್ಯಾನಿಕ್ಕು, ಎರಡೇ ಕೋಣೆ ಮನೆ. ಅವನ ಹೆಂಡತಿ ಬಿಂದು ಚೆನ್ನಾಗೇ ನೋಡ್ಕೊಳ್ಳೋಳು, ಸುಳ್ಳು ಹೇಳಬಾರದು. ಆದ್ರೆ ಅವ್ವನಿಗೆ ರಾತ್ರಿ ಆದ್ರೆ ಭಯ. ಎದೆ ವೀಕಾಗಿತ್ತು, ಕತ್ತಲಾದ್ರೆ ಉಸಿರು ಸಿಗಲ್ಲ ಅನ್ನೋಳು. ನಾನು ಬೆಳಿಗ್ಗೆ ಹೋಗಿ ಮೈ ಒರೆಸಿ, ಗಂಜಿ ಕುಡಿಸಿ, ಸಂಜೆ ಸಿಟಿ ಬಸ್ಸಿಗೆ ಹೊರಟ್ರೆ ಸೆರಗು ಹಿಡ್ಕೊಳ್ಳೋಳು.

"ಇವತ್ತೊಂದು ರಾತ್ರಿ ನನ್ ಪಕ್ಕ ಮಲಕ್ಕಂಡು ಹೋಗೇ, ಪ್ರೇಮಾ."

ನನ್ನ ಗೊರಕೆಗೆ ನಿನಗೆ ಇರೋ ನಿದ್ದೇನೂ ಹೋಗುತ್ತೆ ಕಣವ್ವ ಅಂದ್ರೆ, ನೀನು ಚಿಕ್ಕೋಳಿದ್ದಾಗ ಯಾವತ್ತೂ ಗೊರಕೆ ಹೊಡೆದೋಳೇ ಅಲ್ಲವಲ್ಲೇ ಅನ್ನೋಳು. ಹೆತ್ತ ಕರುಳು, ಪ್ರೀತಿಗೆ ಹೇಳ್ತಾಳೆ ಅಂದ್ಕೊಂಡೆ. ಇವರನ್ನ ಕೇಳಿದ್ರೆ, ಮೊದಲು ಅದನ್ನ ವಾಸಿ ಮಾಡ್ಕೋ, ಆಮೇಲೆ ಹೋಗಿ ಮಲಗು, ಎದೆ ವೀಕಾದ ಮುದುಕಿ ಪಕ್ಕ ಆ ಸದ್ದು ಮಾಡಿ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಯಾರು ಜವಾಬ್ದಾರಿ ಅಂದ್ರು. ಆ ಮಾತು ನನ್ನ ಎದೇಲಿ ಮೊಳೆ ಹೊಡೆದಂಗೆ ಕೂತ್ಕೊಂಡುಬಿಡ್ತು.

ವಾಸಿ ಮಾಡೋ ದಾರೀನೂ ಇವರೇ ತಂದ್ರು. ಹಲ್ಲಿನ ಡಾಕ್ಟ್ರು ಗೊರಕೆಗೆ ಕ್ಲಿಪ್ಪು ಮಾಡ್ತಾರೆ ಅಂತ ಯಾರೋ ಗಿರಾಕಿ ಹೇಳಿದ್ರಂತೆ. ಡಾಕ್ಟರ್ ಪ್ರದ್ಯುಮ್ನ ಅಂತ, ಇನ್ನೂ ಎಳೆಯ. ಕೆಳದವಡೆಯನ್ನ ಮುಂದಕ್ಕೆ ಎಳೆದು ಹಿಡಿದ್ರೆ ಗಂಟಲಲ್ಲಿ ಗಾಳಿಗೆ ದಾರಿಯಾಗುತ್ತೆ, ಗೊರಕೆ ನಿಲ್ಲುತ್ತೆ ಅಂತ ವಿವರಿಸಿದ್ರು. ಅದಕ್ಕೆ ಮುಂಚೆ ರಾತ್ರಿ ನಿದ್ದೇದು ಒಂದು ಟೆಸ್ಟ್ ಮಾಡಿಸಬೇಕು ಅಂದ್ರು. ಇವರು ನಕ್ಕು, "ಟೆಸ್ಟ್ ಯಾಕೆ ಡಾಕ್ಟ್ರೇ, ಇಷ್ಟು ವರ್ಷದಿಂದ ನಾನೇ ಟೆಸ್ಟ್ ಮಾಡ್ತಾ ಇದೀನಲ್ಲ," ಅಂದ್ರು. ಡಾಕ್ಟ್ರೂ ನಕ್ಕುಬಿಟ್ರು. ನಾನೂ ನಕ್ಕೆ, ನನ್ನ ಬುದ್ಧಿಗಿಷ್ಟು.

ಪೇಸ್ಟ್ ತುಂಬಿದ ಅಚ್ಚು ಕಚ್ಚಿಸಿ ಹಲ್ಲಿನ ಅಳತೆ ತಗೊಂಡು ಪ್ಲಾಸ್ಟಿಕ್ ತಟ್ಟೆ ಮಾಡಿಸಿದ್ರು. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು. ಎರಡನ್ನೂ ಸೇರಿಸೋಕೆ ಆ ಕಡೆ ಈ ಕಡೆ ಒಂದೊಂದು ತಿರುಪು. ಸಣ್ಣ ಕೀಲಿ ಹಾಕಿ ಒಂದು ಸುತ್ತು ತಿರುಗಿಸಿದ್ರೆ ಕೆಳದವಡೆ ಕೂದಲೆಳೆಯಷ್ಟು ಮುಂದೆ ಬರುತ್ತೆ. ಮೊದಲ ರಾತ್ರಿ ಜೊಲ್ಲು ಸುರಿದು ದಿಂಬೆಲ್ಲ ಒದ್ದೆ. ಬೆಳಿಗ್ಗೆ ಬಾಯಿ ಮುಚ್ಚೋಕಾಗಲ್ಲ, ಕಿವಿ ಹತ್ತಿರ ಸೆಳೆತ. ಆಗಲಿ, ಇನ್ನು ಸ್ವಲ್ಪ ದಿನ, ಆಮೇಲೆ ಅವ್ವನ ಪಕ್ಕ ಮಲಗಬಹುದು ಅಂತ ಹಲ್ಲುಕಚ್ಚಿಕೊಂಡಿದ್ದೆ.

ಮತ್ತೆ ತೋರಿಸೋಕೆ ಹೋದಾಗ ಡಾಕ್ಟ್ರು ನನ್ನ ಕೇಳಲಿಲ್ಲ. ಇವರನ್ನ ಕೇಳಿದ್ರು. ಗೊರಕೆ ನಿಂತಿದ್ಯಾ ಅಂದ್ರೆ, ಎಲ್ಲಿ ನಿಂತಿದೆ ಡಾಕ್ಟ್ರೇ, ಹಂಗೇ ಇದೆ, ನಿನ್ನೇನೂ ಎಚ್ಚರ ಆಯ್ತು ಅಂದ್ರು. ಡಾಕ್ಟ್ರು ಕೀಲಿ ತಗೊಂಡು ಒಂದು ಸುತ್ತು ತಿರುಗಿಸಿದ್ರು. ಮುಂದಿನ ಸಲ ಹೋದ್ರೆ ಅದೇ ಪ್ರಶ್ನೆ, ಅದೇ ಉತ್ತರ, ಇನ್ನೊಂದು ಸುತ್ತು. ಹಿಂಗೇ ಸುತ್ತಿನ ಮೇಲೆ ಸುತ್ತು. ನನ್ನ ದವಡೆ, ಇವರ ಮಾತು, ಅವರ ಕೀಲಿ.

ಬರ್ತಾ ಬರ್ತಾ ನನ್ನ ಹಿಂದಿನ ಹಲ್ಲುಗಳು ಒಂದಕ್ಕೊಂದು ಕೂಡೋದನ್ನೇ ಬಿಟ್ಟುಬಿಟ್ವು. ಮುಂದಿನ ಹಲ್ಲು ತಾಗುತ್ತೆ, ಹಿಂದೆ ಸಂದಿ. ಚಪಾತೀನೂ ಸಾರಲ್ಲಿ ನೆನೆಸಿ ನುಂಗಬೇಕಾಯ್ತು. ಅವ್ವನಿಗೆ ಬೊಚ್ಚುಬಾಯಿ, ಎಲೆಅಡಿಕೆಯನ್ನ ಕುಟ್ಟಾಣೀಲಿ ಕುಟ್ಟಿಸ್ಕೊಂಡು ಹಾಕ್ಕೊಳ್ಳೋಳು. ನಾನು ಅಗಿಯೋಕಾಗದೆ ಒದ್ದಾಡೋದು ನೋಡಿ ಅದರಲ್ಲೇ ಒಂದು ಚಿಟಿಕೆ ತೆಗೆದು ನನ್ನ ಬಾಯಿಗೆ ಇಟ್ಟಳು. ನಿನಗೂ ನನ್ನ ವಯಸ್ಸಾಯ್ತೇನೇ ಅಂದಳು. ನನ್ನ ಕಣ್ಣಲ್ಲಿ ನೀರು ಬಂತು. ಇನ್ನೊಂದು ಹದಿನೈದು ದಿನ ತಡ್ಕೊಳವ್ವ, ಡಾಕ್ಟ್ರು ಸರಿಮಾಡ್ತಾರೆ, ಬಂದು ಮಲಗ್ತೀನಿ ಅಂದೆ.

ಅವಳು ತಡ್ಕೊಳ್ಳಲಿಲ್ಲ. ಒಂದು ರಾತ್ರಿ ಉಸಿರು ಸಿಗದೆ ಎದ್ದು ಕೂತು, ಪ್ರೇಮಾ ಬಂದ್ಲಾ ಅಂತ ಬಿಂದುವನ್ನ ಕೇಳಿದ್ಲಂತೆ. ನಾಳೆ ಬೆಳಿಗ್ಗೆ ಬರ್ತಾರೆ ಅತ್ತೆ ಅಂತ ಇವಳು ಬೆನ್ನು ಸವರ್ತಾ ಇದ್ದ ಹಂಗೇ ಹೋಗಿಬಿಟ್ಟಳು. ಆ ಹೊತ್ತಿಗೆ ನಾನು ಅಕ್ಕಿ ಮೂಟೆ ಪಕ್ಕ, ಬಾಯಿತುಂಬ ಪ್ಲಾಸ್ಟಿಕ್ಕು ತುರುಕ್ಕೊಂಡು ಬಿದ್ದಿದ್ದೆ.

ಮಾರನೇ ದಿನ ಮಣ್ಣು ಮಾಡಿ ಬಂದು, ಎಲ್ಲಾರೂ ಬಸವರಾಜು ಮನೇಲೇ ಉಳಿದ್ವಿ. ಹೆಂಗಸರು ಒಳಕೋಣೆ, ಗಂಡಸರು ಹೊರಗಡೆ ಕೋಣೆ. ಹಲ್ಲಿನ ತಟ್ಟೆ ನಮ್ಮನೇಲೇ ಮರೆತು ಬಂದಿದ್ದೆ. ಮಲಗಬಾರದು ಅಂತ ಗೋಡೆಗೆ ಒರಗಿ ಕೂತಿದ್ದೆ, ಅತ್ತು ಅತ್ತು ಸುಸ್ತಾಗಿ ಯಾವಾಗ ಉರುಳಿದ್ನೋ ಗೊತ್ತಿಲ್ಲ.

ಬೆಳಿಗ್ಗೆ ಇವರು ಹೊರಕೋಣೆಯಿಂದ ಕಣ್ಣು ಕೆಂಪು ಮಾಡ್ಕೊಂಡು ಬಂದು ನೆಂಟರ ಮುಂದೆ, "ಸಾವಿನ ಮನೇಲೂ ಬಿಡಲಿಲ್ಲ ನೋಡಿ ಇವಳು, ರಾತ್ರಿಯೆಲ್ಲ ಒಂದೇ ಸಮ," ಅಂದ್ರು. ನಾನು ತಲೆ ತಗ್ಗಿಸಿದೆ. ಯಾರೂ ನಗಲಿಲ್ಲ. ಎಲ್ಲರೂ ಇವರ ಮುಖಾನೇ ನೋಡ್ತಿದ್ರು. ಬಿಂದು ನನ್ನ ಕೈ ಹಿಡಿದು ಹಿತ್ತಿಲಿಗೆ ಕರ್ಕೊಂಡು ಹೋದಳು.

"ಅಕ್ಕ, ನಾನು ರಾತ್ರಿಯೆಲ್ಲ ನಿಮ್ಮ ಪಕ್ಕದಲ್ಲೇ ಎದ್ದು ಕೂತಿದ್ದೆ. ನೀವು ಉಸಿರಾಡಿದ್ದೂ ಕೇಳಲಿಲ್ಲ. ಇದನ್ನ ಕೇಳಿ."

ಮೊಬೈಲಲ್ಲಿ ರೆಕಾರ್ಡ್ ಮಾಡಿದ್ಲು. ಹೊರಕೋಣೆಯ ಸದ್ದು. ಗರಗರ ಅಂತ ಒಂದು ಗೊರಕೆ, ಏರ್ತಾ ಏರ್ತಾ ಹೋಗಿ ಪಟ್ಟನೆ ನಿಂತುಬಿಡ್ತು. ಎಷ್ಟು ಹೊತ್ತು ಅಂದ್ರೆ, ಸತ್ತೇಹೋದ್ರೇನೋ ಅನ್ನಬೇಕು. ಆಮೇಲೆ ಭುಸ್ಸಂತ ಉಸಿರು ಎಳ್ಕೊಂಡು ಎದ್ದ ಸದ್ದು. ಅದರ ಹಿಂದೇನೇ ಇವರ ದನಿ, ನಿದ್ದೆಗಣ್ಣಲ್ಲಿ: "ಲೇ ಪ್ರೇಮಾ, ಆ ಕಡೆ ತಿರುಗಿ ಮಲಕ್ಕೊಳ್ಳೇ."

ನಾನು ಅಲ್ಲೇ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತು ಅದನ್ನ ಇನ್ನೊಂದು ಸಲ ಹಾಕಿಸಿ ಕೇಳಿದೆ. ತಮ್ಮದೇ ಗೊರಕೆಗೆ ಎಚ್ಚರ ಆಗಿ, ನನ್ನ ಬಾಗಿಲು ಬಡೀತಿದ್ರು ಈ ಮನುಷ್ಯ. ಇಷ್ಟು ವರ್ಷ. ಸಂಜೆ ಹೊತ್ತು ಸೆರಗು ಹಿಡ್ಕೊಂಡ ಅವ್ವನ ಕೈಯನ್ನ ನಾನು ಒಂದೊಂದೇ ಬೆರಳು ಬಿಡಿಸ್ಕೊಂಡು ಬಸ್ಸಿಗೆ ಹೋಗ್ತಿದ್ದೆನಲ್ಲ, ಅದು ಇದಕ್ಕೆ.

ಆ ರೆಕಾರ್ಡನ್ನ ಡಾಕ್ಟ್ರಿಗೆ ಕೇಳಿಸಿದೆ. ಅವರ ಮುಖ ಬಾಡಿಹೋಯ್ತು. ಈ ಸಲ ಟೆಸ್ಟ್ ಬಿಡಲಿಲ್ಲ. ಬೆರಳಿಗೆ, ಮೂಗಿಗೆ ವೈರು ಹಾಕಿ ಇವರನ್ನ ಮಲಗಿಸಿ ನೋಡಿದ್ರೆ, ರಾತ್ರಿಯೆಲ್ಲ ಉಸಿರು ನಿಂತು ನಿಂತು ಬರ್ತಿತ್ತು. ಹಗಲು ತೂಕಡಿಸೋದು, ತಲೆನೋವು, ಎಲ್ಲ ಅದರದ್ದೇ ಅಂದ್ರು. ನನಗೂ ಮಾಡಿದ್ರು, ಏನೂ ಇಲ್ಲ. ನನ್ನ ಹಲ್ಲು ಹಳೇ ಜಾಗಕ್ಕೆ ಬರುತ್ತಾ ಅಂದ್ರೆ, ನೋಡೋಣ ಅಂತ ನೆಲ ನೋಡಿದ್ರು.

ಇವರ ಬಾಯಲ್ಲಿ ತಪ್ಪಾಯ್ತು ಅನ್ನೋ ಮಾತು ಬರಲಿಲ್ಲ. ನಿದ್ದೇಲಿ ಯಾರಿಗೆ ಏನು ಗೊತ್ತಾಗುತ್ತೆ, ನಾನೇನು ಬೇಕೂಂತ ಹೇಳಿದ್ನಾ ಅಂದ್ರು. ಅವ್ವನ ಹೆಸರೇ ಎತ್ತಲಿಲ್ಲ. ಅಂಗಡೀಲಿ ಮಾತ್ರ, ನಮ್ಮನೆಯವಳಿಗೆ ಗೊರಕೆ ವಾಸಿ ಮಾಡಿಸಿದೆ ಅಂತ ಹೇಳ್ಕೊಂಡು ಓಡಾಡಿದ್ರು.

ರಾತ್ರಿಯೆಲ್ಲ ಗಾಳಿ ಊದೋಕೆ ಮೂಗಿಗೆ ಹಾಕೋ ಮಿಷನ್ನು ಡಾಕ್ಟ್ರು ಹೇಳಿದ್ರೆ, ಅದು ಬೇಡ ಅಂತ ಹಟ ಹಿಡಿದು ತಟ್ಟೇನೇ ಮಾಡಿಸ್ಕೊಂಡ್ರು. ಒಂದೆರಡು ಸುತ್ತಿಗೇ ಮನೆ ತಣ್ಣಗಾಯ್ತು. ನಾನು ಸಾಮಾನಿನ ಕೋಣೇಲಿ ಎಚ್ಚರವಾಗೇ ಇದ್ದು ಕೇಳಿದೀನಿ, ಒಂದು ಸದ್ದಿಲ್ಲ. ಮಗು ಮಲಗಿದಂಗೆ ಮಲಗ್ತಾರೆ. ಮಧ್ಯಾಹ್ನ ತೂಕಡಿಕೆಯೂ ಹೋಯ್ತು.

ನಿನ್ನೆ ತೋರಿಸೋಕೆ ಹೋಗಿದ್ವಿ. ದವಡೆ ನೋಯುತ್ತೆ ಅಂತ ಇವರು ಗೊಣಗಿದ್ರು. ಡಾಕ್ಟ್ರು ಇವರನ್ನ ಕುರ್ಚೀಲಿ ಒರಗಿಸಿ, ಬಾಯಿ ತೆರೆಸಿ, ಕೈಯಲ್ಲಿ ಕೀಲಿ ಹಿಡ್ಕೊಂಡು ನನ್ನ ಕಡೆ ತಿರುಗಿದ್ರು.

"ಏನಮ್ಮ, ನೀವೇ ಹೇಳಬೇಕು. ಗೊರಕೆ ನಿಂತಿದ್ಯಾ?"

ಬಾಯಿ ತೆರೆದುಕೊಂಡೇ ನಮ್ಮ ಯಜಮಾನ್ರು ನನ್ನ ನೋಡಿದ್ರು. ನಿದ್ದೇಲಿ ನಡೆಯೋ ಸಂಗತಿ, ಅವರಿಗೇನು ಗೊತ್ತು?

"ಎಲ್ಲಿ ನಿಂತಿದೆ ಡಾಕ್ಟ್ರೇ, ಹಂಗೇ ಇದೆ," ಅಂದೆ. "ಇನ್ನೊಂದು ಸುತ್ತು ತಿರುಗಿಸಿ."