ಮರಿಗಳಿಗೆ ಲೋಬಾನ

ಮಧ್ಯಾಹ್ನಕ್ಕೆ ಬರಬೇಕಾಗಿದ್ದ ಹಿರಿಯೂರಿನ ಬಸ್ಸು ಹೊತ್ತು ಇಳಿಯುವಾಗ ಬಂತು. ಕಂಡಕ್ಟರು ಟಾಪಿನ ಮೇಲಿಂದ ತೂತು ತೂತಿನ ರಟ್ಟಿನ ಡಬ್ಬ ಇಳಿಸಿ ನನ್ನ ಕೈಗಿಟ್ಟ.

"ತಗಳಮ್ಮ ನಿಮ್ಮ ಮಕ್ಕಳನ್ನ. ದಾರಿ ಉದ್ದಕ್ಕೂ ಅತ್ಕಂಡು ಬಂದವೆ. ಅರ್ಧ ಟಿಕೆಟ್ ಹರೀಬೇಕಿತ್ತು."

"ಟಾಪ್ ಮೇಲೆ ಯಾಕೋ ಹಾಕಿದೆ? ಈ ಚಳಿಗಾಳಿಗೆ ನಿನ್ನ ಕೂಸನ್ನ ಹಿಂಗೇ ಮೇಲೆ ಹಾಕ್ಕಂಡು ಬರ್ತೀಯಾ?"

"ಒಳಗಿಟ್ರೆ ನಾತ ಅಂತ ಜನ ಬೈದ್ರು ಕಣಮ್ಮ."

ಅವನನ್ನು ಇನ್ನೂ ನಾಲ್ಕು ಬೈಯಬೇಕಿತ್ತು, ಹೊತ್ತಿರಲಿಲ್ಲ. ಡಬ್ಬವನ್ನು ಕಿವಿಗಿಟ್ಟೆ. ಚಿಂವ್ ಚಿಂವ್ ದನಿ ಇತ್ತು, ಆದರೆ ಸೋತು ಹೋಗಿತ್ತು. ಸೆರಗು ಹೊದಿಸಿಕೊಂಡು ಮನೆಗೆ ಓಡಿದೆ.

ಬೆಂಗಳೂರಿನ ಹ್ಯಾಚರಿಗೆ ಒಂದು ಕಾರ್ಡು ಬರೆದರೆ ಒಂದು ದಿನದ ಕೋಳಿಮರಿಗಳನ್ನು ಕಳಿಸುತ್ತಾರೆ ಎಂದು ರೇಡಿಯೋದಲ್ಲಿ ಕೇಳಿದ್ದೆ. ತಾಯಿ ಕೋಳಿ ಬೇಡ, ಲಾಟೀನಿನ ಕಾವು ಸಾಕು, ದೊಡ್ಡದಾದ ಮೇಲೆ ವರ್ಷವಿಡೀ ಮೊಟ್ಟೆ ಇಡುತ್ತವೆ ಎಂದಿದ್ದರು. ಧರ್ಮಪುರದ ಸೀಮೆಯ ನಮ್ಮೂರಲ್ಲಿ ಯಾರೂ ಆ ಕೆಲಸ ಮಾಡಿರಲಿಲ್ಲ. ನಮ್ಮನೆಯವರು ತಿಪ್ಪಯ್ಯ ಮೊದಲು ನಕ್ಕರು, ಆಮೇಲೆ ಒಪ್ಪಿದರು. ಒಪ್ಪುವಾಗ ಒಂದು ಮಾತು ಹೇಳಿದರು.

"ಚಂದ್ರಿ, ಇದೊಂದೇ ಸಲ. ಸತ್ವು ಅಂದ್ರೆ ಈ ಮನೇಲಿ ಕೋಳಿ ಮಾತು ಎತ್ತಂಗಿಲ್ಲ."

ಅತ್ತೆ ಉಚ್ಚಂಗೆಮ್ಮ ಸೂಲಗಿತ್ತಿ. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿದ್ದು. "ತಾಯಿ ಇಲ್ದೆ ಮರಿ ಬದುಕ್ತವಾ? ಲಾಟೀನಿಗೆ ರೆಕ್ಕೆ ಐತಾ?" ಎಂದು ಅಂದೇ ಹೇಳಿದ್ದಳು. ಅದಕ್ಕೇ ನನಗೆ ಹಟ ಬಂದಿತ್ತು.

ಮನೆಗೆ ಬಂದು ಡಬ್ಬ ಬಿಚ್ಚಿದೆ. ಹಳದಿ ಮರಿಗಳು ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಅಡಿಯಲ್ಲಿದ್ದ ಕೆಲವು ಆಗಲೇ ಸೆಟೆದಿದ್ದವು. ಬದುಕಿದ್ದವನ್ನು ಶೇಂಗಾ ಹೊಟ್ಟು ಹಾಸಿದ್ದ ದೊಡ್ಡ ಮಂಕರಿಗೆ ಬಿಟ್ಟೆ. ಲಾಟೀನು ನೋಡಿದರೆ ಬತ್ತಿ ಕರ್ರಗಾಗಿತ್ತು. ಬಸ್ಸು ಈಗ ಬರುತ್ತೆ ಆಗ ಬರುತ್ತೆ ಎಂದು ಮಧ್ಯಾಹ್ನದಿಂದ ಉರಿಸಿ ಉರಿಸಿ ಸೀಮೆಎಣ್ಣೆ ತೀರಿತ್ತು.

"ಅತ್ತೆ, ಇಲ್ಲೇ ಕುಂತ್ಕ. ದುರುಗಕ್ಕನ ಮನೆಯಿಂದ ಎಣ್ಣೆ ತರ್ತೀನಿ. ಬೆಕ್ಕು ಬಂದೀತು, ನೋಡ್ಕ."

"ತಣ್ಣಗಾಗ್ಯವೆ ಕಣೇ," ಎಂದಳು ಅತ್ತೆ, ಒಂದು ಮರಿಯ ಕಾಲು ಮುಟ್ಟಿ. "ದಿನ ತುಂಬದ ಕೂಸಿನ ಕಾಲಿದ್ದಂಗೈತೆ."

ಬೀದಿ ಕೊನೆಯ ಮನೆಯ ದುರುಗಕ್ಕ ಎಣ್ಣೆ ಕೊಡುವುದು ಬಿಟ್ಟು ನಗುತ್ತಾ ನಿಂತಳು. "ಬೆಂಗಳೂರ ಮರಿ ಅಂತಲ್ಲೇ? ನುಚ್ಚು ತಿಂತವಾ, ಬನ್ನು ಬೇಕಾ?"

"ಎಣ್ಣೆ ಹಾಕೇ ಮೊದ್ಲು!" ಎಂದು ಬಾಟ್ಲಿ ಮುಂದಿಟ್ಟೆ. ಹಾಕಿದಳು, ತನ್ನ ದೀಪಕ್ಕೆ ಉಳಿಯಿತೋ ಇಲ್ಲವೋ ಎಂದು ಎರಡು ಸಲ ಡಬ್ಬಿ ಅಲ್ಲಾಡಿಸಿ.

ವಾಪಸು ಬರುವಾಗ ನಮ್ಮ ಬಾಗಿಲಲ್ಲೇ ವಾಸನೆ ಹೊಡೆಯಿತು. ಲೋಬಾನ. ಬಾಟ್ಲಿ ಹಿಡಿದೇ ನುಗ್ಗಿದೆ.

ಒಳಗೆ ಮಂಕರಿಯ ಮೇಲೆ ದಪ್ಪ ಕಂಬಳಿ ಬಿಗಿಯಾಗಿ ಮುಚ್ಚಿತ್ತು. ಅಂಚಿನಿಂದ ಹೊಗೆ ಏಳುತ್ತಿತ್ತು. ನೀರೆರೆದ ಕೂಸಿಗೆ ಹೊಗೆ ಹಿಡಿಯುವ ಹಾಗೆ ಅತ್ತೆ ಕುಡಿಕೆಯಲ್ಲಿ ಕೆಂಡ ಹಾಕಿ, ಲೋಬಾನ ಉದುರಿಸಿ, ಮಂಕರಿಯೊಳಗೆ ಮರಿಗಳ ನಡುವೆ ಇಟ್ಟಿದ್ದಳು. ಕಂಬಳಿ ಕಿತ್ತೆಸೆದೆ. ಕುಡಿಕೆಯನ್ನು ಸೆರಗಲ್ಲಿ ಹಿಡಿದು ಅಂಗಳಕ್ಕೆ ಬಿಸಾಡಿದೆ. ಮರಿಗಳು ಕೊಕ್ಕು ತೆರೆದು ಕತ್ತು ಚಾಚಿ ಬಿದ್ದಿದ್ದವು. ಒಂದರಿಂದಲೂ ದನಿ ಇಲ್ಲ.

"ಕೊಂದ್ಯಲ್ಲೇ ಮುದುಕಿ! ಕೊಂದೆ!"

ಅತ್ತೆ ಬೆಚ್ಚಿ ನನ್ನ ಮುಖ ನೋಡಿದಳು. ಮಂಕರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದು ಮರಿ ಎತ್ತಿದಳು. ಕಿರುಬೆರಳಲ್ಲಿ ಕೊಕ್ಕು ಒರೆಸಿದಳು. ಮುಖಕ್ಕೆ ಮೆಲ್ಲಗೆ ಉಫ್ ಎಂದು ಊದಿದಳು. ಬೆನ್ನನ್ನು ಹೆಬ್ಬೆರಳಿಂದ ತೀಡಿದಳು. ಹುಟ್ಟಿ ಅಳದ ಕೂಸಿಗೆ ಅವಳು ಹಾಗೇ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಮತ್ತೆ ಊದಿದಳು. ಮತ್ತೆ ತೀಡಿದಳು. ಮರಿಯ ಕತ್ತು ವಾಲಿಯೇ ಇತ್ತು.

ಬಾಗಿಲು ತೆರೆದರೆ ಚಳಿಗಾಳಿ, ಮುಚ್ಚಿದರೆ ಹೊಗೆ. ಹಿತ್ತಲ ಬಾಗಿಲು ತೆಗೆದು, ಮಂಕರಿಯನ್ನು ಒಲೆಯ ಮಗ್ಗುಲಿಗೆ ಎಳೆದೆ. ನಾನೂ ಒಂದೊಂದೇ ಎತ್ತಿ ಊದತೊಡಗಿದೆ. ಕೆಲವು ನನ್ನ ಕೈಯಲ್ಲೇ ತಣ್ಣಗಾದವು. ಅವನ್ನು ಗೋಡೆ ಪಕ್ಕ ಇಟ್ಟೆ. ಎಣಿಸಲಿಲ್ಲ.

ಅತ್ತೆಯ ಕೈಯಲ್ಲಿದ್ದ ಮರಿ ಒಮ್ಮೆ ಬಾಯಿ ಕಳೆಯಿತು. ಆಮೇಲೆ ಸಣ್ಣಗೆ ಚೀಂಯ್ ಎಂದಿತು. ಅದನ್ನು ಅವಳು ಮಡಿಲಿನ ಸೀರೆ ಮಡಿಕೆಯೊಳಗೆ ಇಟ್ಟುಕೊಂಡಳು. ಇನ್ನೊಂದು ಎತ್ತಿದಳು. ಹೀಗೇ ಇಬ್ಬರೂ ಒಲೆ ಮುಂದೆ, ಒಬ್ಬರ ಮುಖ ಒಬ್ಬರು ನೋಡದೆ, ಮಡಿಲ ತುಂಬ ಮರಿ ಹಾಕಿಕೊಂಡು ಕೂತೆವು.

ದೀಪ ಹಚ್ಚುವ ಹೊತ್ತಿಗೆ ಹೊಲದಿಂದ ಬಂದ ನಮ್ಮನೆಯವರು ನಮ್ಮನ್ನೂ ಗೋಡೆ ಪಕ್ಕದ ಸತ್ತ ಮರಿಗಳನ್ನೂ ನೋಡಿದರು.

"ಹೋದ್ವಾ?"

"ಇನ್ನೂ ಹೋಗಿಲ್ಲ. ಲಾಟೀನಿಗೆ ಎಣ್ಣೆ ಹಾಕು. ಮುದ್ದೆ ಪಾತ್ರೇಲೈತೆ, ನೀನೇ ಇಕ್ಕಂಡು ಉಣ್ಣು. ನಾನು ಎದ್ರೆ ಇವು ಬೀಳ್ತವೆ."

ಅವರು ಎಣ್ಣೆ ಬಾಟ್ಲಿ ಹುಡುಕಿ ಲಾಟೀನು ಎತ್ತಿಕೊಂಡರು.

ಆಗ ಮೇಲಿನ ಕೇರಿಯ ಎತ್ತಪ್ಪ ಏದುಸಿರು ಬಿಡುತ್ತಾ ಬಂದ. "ಅಜ್ಜೀ, ಸೊಸೆಗೆ ನೋವು ಬಂದೈತೆ. ಎದ್ದೇಳು, ಹೋಗಾಣ."

ಅತ್ತೆ ಏಳಲಿಲ್ಲ. "ಬ್ಯಾರೆ ಯಾರನ್ನಾದ್ರೂ ಕರ್ಕಳಪ್ಪ. ನಾನು ಬರಾಕಿಲ್ಲ."

"ಏನಜ್ಜಿ ಇದು? ಬ್ಯಾರೆ ಯಾರವ್ರೆ?"

"ಇವಳನ್ನ ಕೇಳು. ಕೊಂದೆ ಅಂದವಳೆ. ಆ ಮಾತು ಹೊತ್ಕಂಡು ಹೆರಿಗೆ ಮನೆ ಹೊಸಲು ಹೆಂಗೆ ದಾಟ್ಲಿ?"

ಎತ್ತಪ್ಪ ನನ್ನ ಕಡೆ ನೋಡಿದ. ನಮ್ಮನೆಯವರೂ ನೋಡಿದರು. ನನಗೆ ಮತ್ತೆ ಸಿಟ್ಟು ಬಂತು. ಹೊಗೆ ಹಾಕಿದ್ದು ಅವಳು, ಕಟಕಟೆ ಹತ್ತಿದ್ದು ನಾನು! ಅಷ್ಟರಲ್ಲಿ ಅವಳು ಮೊದಲು ಎಬ್ಬಿಸಿದ್ದ ಮರಿ ಸೀರೆ ಮಡಿಕೆಯಿಂದ ತಲೆ ಹೊರಗೆ ಹಾಕಿ ಅವಳ ಬಳೆಯನ್ನು ಟಕ್ ಟಕ್ ಕುಕ್ಕಿತು.

"ನೋಡತ್ತೆ," ಎಂದೆ. "ಇದು ಸತ್ತೇ ಹೋಗಿತ್ತು. ಎಬ್ಬಿಸಿದ್ದು ಯಾರು, ನಾನಾ? ಹೊಗೆ ಹಾಕಿದ್ದು ತಪ್ಪು, ನೂರು ಸಲ ಅಂತೀನಿ. ಕೊಂದೆ ಅಂದದ್ದು ಸುಳ್ಳು. ಎತ್ತಪ್ಪಣ್ಣನ ಮುಂದೇ ಹೇಳ್ತಿದೀನಿ. ಎದ್ದೇಳು. ಅಲ್ಲಿ ಜೀವ ಕಾಯ್ತೈತೆ."

ಅತ್ತೆ ಆ ಮರಿಯನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ನೋಡಿದಳು. ಕಾಲು ಮುಟ್ಟಿದಳು. ಆಮೇಲೆ ಮಡಿಲಿನದ್ದೆಲ್ಲ ಒಂದೊಂದಾಗಿ ನನ್ನ ಮಡಿಲಿಗೆ ಹಾಕಿ, ಮೊಣಕಾಲು ಊರಿ ಎದ್ದಳು.

"ಲೋಬಾನ, ಕೆಂಡ ಎಲ್ಲಾ ತಯಾರಿಟ್ಟೀವಜ್ಜಿ," ಎಂದ ಎತ್ತಪ್ಪ ಬಾಗಿಲಲ್ಲಿ.

"ಅದು ಆಮೇಲೆ. ನೀನು ಮುಂದೆ ಓಡಿಹೋಗಿ ಕಿಟಕಿ ತೆಗಿ."

ನಮ್ಮನೆಯವರು ಲಾಟೀನು ಹಚ್ಚಿ ಮಂಕರಿಯೊಳಗೆ ಇಟ್ಟರು. ಕಂಬಳಿ ಎತ್ತಿಕೊಂಡು ಎಷ್ಟು ಮುಚ್ಚಬೇಕೆಂದು ತಿಳಿಯದೆ ನನ್ನ ಮುಖ ನೋಡಿದರು.

"ಅರ್ಧ," ಎಂದೆ. "ಅರ್ಧ ಮಾತ್ರ."